ನಾಲ್ಕಡಿ ಮನೆ, ಹನ್ನೊಂದು ಮಂದಿಯ ಊರು

ಮುಂಬಯಿಯ ಕನ್ನಡ ಸಂಘಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಯಕ್ಷಗಾನ, ನಾಟಕ, ಪುಸ್ತಕ ಬಿಡುಗಡೆ, ಸನ್ಮಾನ ಇವುಗಳ ಬಗ್ಗೆ ಬರೆಯುತ್ತಾರೆ. ವೇದಿಕೆಯ ಪಕ್ಕದಲ್ಲಿ, ಗಣಪತಿಯ ಮಖರದ ಎದುರಿಗೆ, ಹಲಗೆಯ ಮೇಲೆ ಕೂತಿರುವ ಪುಟ್ಟ ಮನೆಯ ಬಗ್ಗೆ ಯಾರೂ ಬರೆದದ್ದನ್ನು ನಾನು ಕಂಡಿಲ್ಲ. ಅದು 'ಅಲಂಕಾರ'ದ ಲೆಕ್ಕಕ್ಕೆ ಸೇರುತ್ತದೆ. ವರದಿಯ ಕೊನೆಗೆ 'ಆಕರ್ಷಕವಾಗಿತ್ತು' ಅಂತ ಒಂದು ಮಾತು ಸೇರಿಸಿದರೆ ಮುಗಿಯಿತು. ಆದರೆ ನಾಟಕವನ್ನು ವಿಮರ್ಶಿಸುವ ನಾವು, ಹತ್ತಾರು ಜನ ಒಂದು ತಿಂಗಳು ರಾತ್ರಿ ನಿದ್ದೆಗೆಟ್ಟು ಕಟ್ಟುವ ಈ ಮನೆಯನ್ನು ಯಾಕೆ ವಿಮರ್ಶಿಸಬಾರದು? ನಾಟಕದ ಮಾತನ್ನು ಒಬ್ಬರು ಬರೆದಿರುತ್ತಾರೆ. ಈ ಮನೆಯನ್ನು ಎಲ್ಲರೂ ಸೇರಿ ನೆನಪಿನಿಂದ ಎತ್ತಿ ತರುತ್ತಾರೆ. ಪರವೂರಿನಲ್ಲಿರುವವರು ತಮ್ಮ ಊರನ್ನು ಹೇಗೆ ನೆನಪಿಟ್ಟುಕೊಂಡಿದ್ದಾರೆ, ಅದರಲ್ಲಿ ಏನನ್ನು ಬೇಕೆಂದೇ ಮರೆತಿದ್ದಾರೆ ಎಂಬುದು ಭಾಷಣಗಳಿಗಿಂತ ಇಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ನಾನು ಇಲ್ಲಿ ಹೇಳಹೊರಟಿರುವುದು ಮಧ್ಯ ರೈಲ್ವೆಯ ಒಂದು ಉಪನಗರದಲ್ಲಿ, ಹೆಚ್ಚಾಗಿ ದಕ್ಷಿಣ ಕನ್ನಡ, ಉಡುಪಿ ಕಡೆಯವರೇ ಇರುವ ಒಂದು ಸಂಘದವರು 2023ರ ಗಣೇಶೋತ್ಸವಕ್ಕೆ ಮಾಡಿದ ಗುತ್ತಿನ ಮನೆಯ ಬಗ್ಗೆ. ನಾಲ್ಕಡಿ ಉದ್ದ, ಮೂರಡಿ ಅಗಲ. ಮಾಡಿದವರು ಹನ್ನೊಂದು ಮಂದಿ: ಇಬ್ಬರು ಹೋಟೆಲಿನವರು, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ಒಬ್ಬ ಕಾರ್ಪೆಂಟರು, ಮನೆಯಲ್ಲೇ ಇರುವ ಮೂವರು ಅಕ್ಕಂದಿರು, ಕಾಲೇಜಿಗೆ ಹೋಗುವ ಮಕ್ಕಳು ಮೂವರು, ಮತ್ತೆ ಎಪ್ಪತ್ತು ದಾಟಿದ ಒಬ್ಬ ಹಿರಿಯರು. ಆ ಒಂದು ತಿಂಗಳಲ್ಲಿ ನಾನು ಏಳೆಂಟು ರಾತ್ರಿ ಅಲ್ಲಿ ಹೋಗಿ ಕೂತಿದ್ದೆ. ಕೈಗೆ ಫೆವಿಕಾಲ್ ಹತ್ತಿಸಿಕೊಳ್ಳಲಿಲ್ಲ, ನೋಡುವವನಾಗಿಯೇ ಉಳಿದೆ.

ಮೊದಲು ಸಾಮಗ್ರಿಯ ಮಾತು. ಯಾಕೆಂದರೆ ಈ ಕೃತಿಯ ಗುಣ ಬಹುಪಾಲು ಅಲ್ಲಿಯೇ ಇದೆ.

ಇಪ್ಪತ್ತು ವರ್ಷದ ಹಿಂದೆ ಮುಂಬಯಿಯಲ್ಲಿ ಇಂಥ ದೇಖಾವೆ ಎಂದರೆ ಥರ್ಮಾಕೋಲ್. ಬಿಳಿ ಹಲಗೆ ತಂದು, ಕತ್ತರಿಸಿ, ಬಣ್ಣ ಬಳಿದರೆ ಅರಮನೆಯೂ ಆಗುತ್ತಿತ್ತು, ದೇವಸ್ಥಾನವೂ ಆಗುತ್ತಿತ್ತು. ಎಲ್ಲವೂ ಒಂದೇ ತರಹ ಕಾಣುತ್ತಿತ್ತು, ಮದುವೆಯ ಕೇಕಿನ ಹಾಗೆ. 2018ರಲ್ಲಿ ಮಹಾರಾಷ್ಟ್ರ ಸರ್ಕಾರ ಪ್ಲಾಸ್ಟಿಕ್ಕಿನ ಜೊತೆಗೆ ಅಲಂಕಾರದ ಥರ್ಮಾಕೋಲನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ ಕೇಂದ್ರದ ನಿಷೇಧವೂ ಬಂತು. ಉತ್ಸವದವರು ಆಗ ಗೊಣಗಿದ್ದು ನಿಜ. ಆದರೆ ಈ ಪುಟ್ಟ ಮನೆಗಳ ಮಟ್ಟಿಗೆ ಅದು ಒಳ್ಳೆಯದೇ ಆಯಿತು. ಒಂದೇ ಸಾಮಾನು ಇಲ್ಲದಾಗ ಜನ ತಮ್ಮ ತಮ್ಮ ಅಡುಗೆಮನೆ, ಅಂಗಡಿ, ಅಟ್ಟಗಳನ್ನು ಹುಡುಕಬೇಕಾಯಿತು. ಹಾಗೆ ಹುಡುಕಿದಾಗ ಸಿಕ್ಕಿದ ವಸ್ತು ಅವರ ಬದುಕಿನದ್ದೇ ಆಗಿತ್ತು.

ಮಾಡು ನೋಡಿ. ಮಂಗಳೂರು ಹಂಚನ್ನು ಈ ಅಳತೆಯಲ್ಲಿ ಮಾಡುವುದು ಸುಲಭವಲ್ಲ. ಅವರ ಮನೆ ಸುಮಾರು ಇಪ್ಪತ್ತಕ್ಕೆ ಒಂದರ ಲೆಕ್ಕದಲ್ಲಿತ್ತು. ಆ ಲೆಕ್ಕದಲ್ಲಿ ಒಂದು ಹಂಚು ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಒಬ್ಬ ಅಕ್ಕ ಉಪಾಯ ಕಂಡುಹಿಡಿದರು. ಹೋಟೆಲಿನಲ್ಲಿ ಉಳಿದಿದ್ದ ಅಡಿಕೆ ಹಾಳೆ ತಟ್ಟೆಗಳ ಅಂಚು ಬಾಗಿರುತ್ತದಲ್ಲ, ಆ ಅಂಚನ್ನೇ ಕತ್ತರಿಸಿ, ಕೆಮ್ಮಣ್ಣಿನ ನೀರಿನಲ್ಲಿ ಅದ್ದಿ ಒಣಗಿಸಿದರು. ಬಾಗಿದ ತುಂಡು ತಾನಾಗಿಯೇ ಹಂಚಿನಂತೆ ಒಂದರ ಮೇಲೊಂದು ಕೂತಿತು. ಮುಂದಿನ ಮಾಡಿಗೆ ಮಾತ್ರ ಹೀಗೆ ಸಾವಿರಕ್ಕೂ ಮೀರಿ ತುಂಡುಗಳು. ಹಿಂದಿನ ಮಾಡಿಗೆ ವೇಳೆ ಸಾಲದೆ, ಎಣ್ಣೆ ಡಬ್ಬಗಳು ಬರುವ ರಟ್ಟಿನ ಪೆಟ್ಟಿಗೆಯ ಮೇಲ್ಪದರ ಸುಲಿದು, ಒಳಗಿನ ಏರಿಳಿತವನ್ನೇ ಹಂಚೆಂದು ತೋರಿಸಿದರು. ಎದುರಿನಿಂದ ನೋಡುವವರಿಗೆ ಅದು ಕಾಣುವುದಿಲ್ಲ ಎಂಬ ಲೆಕ್ಕಾಚಾರ. ನಮ್ಮ ಸಿನಿಮಾ ಸೆಟ್ಟುಗಳೂ ಇದೇ ತತ್ವದ ಮೇಲೆ ನಿಂತಿವೆ, ಆದ್ದರಿಂದ ದೂರುವುದಿಲ್ಲ.

ಈ ಹಂಚಿನ ವಿಷಯದಲ್ಲಿ ಇನ್ನೊಂದು ಮಾತಿದೆ. 1860ರ ದಶಕದಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ, ನೇತ್ರಾವತಿಯ ಜೇಡಿಮಣ್ಣು ಹಂಚಾಗಿ ಹಡಗು ಹತ್ತಿ ಮುಂಬಯಿಗೆ ಬಂತು. ಇಲ್ಲಿನ ಹಳೆಯ ಚಾಳುಗಳ ಮೇಲೆ, ಗೋದಾಮುಗಳ ಮೇಲೆ ಈಗಲೂ ಅಲ್ಲಲ್ಲಿ ಆ ಹಂಚು ಉಳಿದಿದೆ. ನಮ್ಮ ಹುಡುಗರು ಕಪ್ಪು ತೊಳೆಯಲು ಬರುವುದಕ್ಕೆ ಎಷ್ಟೋ ಮೊದಲೇ ನಮ್ಮ ಮಣ್ಣು ಇಲ್ಲಿ ಬೇರೆಯವರ ತಲೆಯ ಮೇಲೆ ಮಳೆ ತಡೆಯುತ್ತಿತ್ತು. ಆದ್ದರಿಂದ ಮುಂಬಯಿಯಲ್ಲಿ ಮಂಗಳೂರು ಹಂಚಿನ ಮಾಡು ಕಟ್ಟುವುದನ್ನು ಬರೀ 'ಊರಿನ ನೆನಪು' ಎಂದು ಹೇಳಿ ಮುಗಿಸಲಾಗದು. ಅದು ಈ ಊರಿನದ್ದೂ ಹೌದು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಮುರಕಲ್ಲಿನ ಪಾಗಾರಕ್ಕೆ ಪಾತ್ರೆ ತೊಳೆಯುವ ಸ್ಪಾಂಜು: ಅದರ ತೂತುಗಳು, ಮೇಲೆ ಕೆಮ್ಮಣ್ಣು, ಥೇಟ್ ಮುರಕಲ್ಲು. ಬಾವಿಗೆ ಪಿವಿಸಿ ಪೈಪಿನ ತುಂಡು. ಚಾವಡಿಯ ಕಾವಿ ನೆಲಕ್ಕೆ ಕೆಂಪು ಆಕ್ಸೈಡನ್ನು ಅಂಟಿನಲ್ಲಿ ಕಲಸಿ ಹಚ್ಚಿ, ಒಣಗಿದ ಮೇಲೆ ಮೇಣದಬತ್ತಿ ಉಜ್ಜಿ ಹೊಳಪು. ಬಾಗಿಲು, ದಳಿ, ಮುಚ್ಚಿಗೆಗೆ ಹಣ್ಣಿನ ಪೆಟ್ಟಿಗೆಯ ಹಲಗೆ. ಚಾವಡಿಯ ಕಂಬಗಳು ಮಾತ್ರ ಎಲ್ಲರ ಮೆಚ್ಚುಗೆ ಗಳಿಸಿದವು. ಅವು ಕಡೆದ ಕಂಬಗಳ ಹಾಗೇ ಇದ್ದವು. ಹತ್ತಿರ ಹೋಗಿ ನೋಡಿದರೆ ಮರಾಠಿ ಮಕ್ಕಳು ಆಡುವ 'ಭಾತುಕಲಿ' ಸೆಟ್ಟಿನ ಪುಟ್ಟ ಲಟ್ಟಣಿಗೆಗಳು! ಎದುರಿನ ಗದ್ದೆಗೆ ಗೋಣಿಚೀಲ ಹಾಸಿ, ಮಣ್ಣು ಹರಡಿ, ಅಳ್ವಿ ಬೀಜ ಚೆಲ್ಲಿದ್ದರು. ದೀಪಾವಳಿಗೆ ಇಲ್ಲಿನ ಮಕ್ಕಳು ಅಂಗಳದಲ್ಲಿ ಮಣ್ಣಿನ ಕಿಲ್ಲಾ ಕಟ್ಟಿ, ಮೇಲೆ ಶಿವಾಜಿ ಮಹಾರಾಜರನ್ನು ಕೂರಿಸಿ, ಇಳಿಜಾರಿಗೆ ಹುಲ್ಲು ಬರಿಸುವುದು ಹೀಗೆಯೇ. ಐದನೇ ದಿನಕ್ಕೆ ಗದ್ದೆ ಹಸಿರಾಯಿತು. ಹತ್ತನೇ ದಿನ ಹಳದಿ.

ಇಷ್ಟೆಲ್ಲ ಸೇರಿ ಏನಾಯಿತು? ಮೊದಲ ನೋಟಕ್ಕೆ ಒಳ್ಳೆಯ ಮನೆಯಾಯಿತು. ನೋಡಲು ಬಂದ ಹಿರಿಯರಲ್ಲಿ ಕೆಲವರು ಕಣ್ಣೊರೆಸಿಕೊಂಡರು. 'ನಮ್ಮ ಅಜ್ಜಿಮನೆ ಹೀಗೇ ಇತ್ತು' ಎನ್ನುವ ಮಾತನ್ನು ಒಂದೇ ಸಂಜೆಯಲ್ಲಿ ಎಷ್ಟೋ ಬಾರಿ ಕೇಳಿದೆ. ವಿಮರ್ಶೆಗೆ ಕೆಲಸ ಶುರುವಾಗುವುದು ಈ ಮಾತಿನಿಂದಲೇ. ಬಂದವರೆಲ್ಲರ ಅಜ್ಜಿಯರೂ ಗುತ್ತಿನ ಮನೆಯಲ್ಲಿದ್ದರೇ? ಹಾಗಿದ್ದರೆ ಆ ಗದ್ದೆಗಳಲ್ಲಿ ನೇಜಿ ನೆಟ್ಟವರು ಯಾರ ಅಜ್ಜಿಯರು?

ಮುಂಬಯಿಗೆ ಕರಾವಳಿಯಿಂದ ಬಂದವರಲ್ಲಿ ಗುತ್ತಿನ ಮನೆಗಳವರು ಇದ್ದರು, ಇಲ್ಲವೆಂದಲ್ಲ. ಆದರೆ ಹನ್ನೆರಡನೇ ವಯಸ್ಸಿಗೆ ಹೋಟೆಲಿನ ಮೋರಿಯ ಬಳಿ ಕೂತು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಹುಡುಗರಲ್ಲಿ ಗೇಣಿ ಒಕ್ಕಲುಗಳ ಮಕ್ಕಳು ಬಹಳ. ಚಾಲಗೇಣಿಯ ಮನೆಯಲ್ಲಿ ಒಂದು ಮಳೆ ತಪ್ಪಿದರೆ ಒಬ್ಬ ಮಗ ಬಸ್ಸು ಹತ್ತುತ್ತಿದ್ದ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂದು, ಊರಿನಲ್ಲಿ ಉಳಿದವರು 'ಡಿಕ್ಲರೇಶನ್' ಹಾಕಿ ತಾವು ಉಳುತ್ತಿದ್ದ ಭೂಮಿಯನ್ನು ತಮ್ಮದಾಗಿಸಿಕೊಂಡರು. ಎಷ್ಟೋ ಸಂಸಾರಗಳಲ್ಲಿ ಆ ಭೂಮಿಯಲ್ಲಿ ಹಂಚಿನ ಮನೆ ಎದ್ದದ್ದು ಮುಂಬಯಿಯ ಮನಿಯಾರ್ಡರಿನಿಂದ. ಆ ಮನೆ ಚಿಕ್ಕದು: ಎದುರಿಗೆ ಒಂದು ಜಗಲಿ, ಒಳಗೆ ಎರಡು ಕೋಣೆ, ಹಿಂದೆ ಅಡುಗೆ. ಅದನ್ನು ಯಾವ ಸಂಘವೂ ದೇಖಾವೆಗೆ ಆರಿಸಿಕೊಂಡದ್ದನ್ನು ನಾನು ನೋಡಿಲ್ಲ. ತಾವು ದುಡಿದು ಕಟ್ಟಿಸಿದ ಮನೆಯನ್ನು ಬಿಟ್ಟು, ತಾವು ಅಂಗಳದಲ್ಲಿ ನಿಂತು ನೋಡಿದ ಮನೆಯನ್ನೇ ಎಲ್ಲರೂ 'ನಮ್ಮದು' ಅನ್ನುತ್ತಾರೆ. ಈ ಆಯ್ಕೆ ಈ ಕೃತಿಯ ಮೊದಲ ದೋಷ. ಅದು ಕೈಕೆಲಸದ ದೋಷವಲ್ಲ, ನೋಟದ ದೋಷ.

ಎರಡನೆಯದು ಗೊಂಬೆಗಳದ್ದು. ಚಾವಡಿಯಲ್ಲಿ ಆರಾಮಕುರ್ಚಿಯ ಮೇಲೆ ಯಜಮಾನರು, ಪಕ್ಕದಲ್ಲಿ ಎಲೆಯಡಿಕೆ ತಟ್ಟೆ. ಕೆಳಗೆ ಕೈಕಟ್ಟಿ ನಿಂತ ಇಬ್ಬರು. ಹೆಂಗಸರು ಮೂವರು, ಮೂವರೂ ಒಳಗೆ. ಒಬ್ಬಳು ಅರೆಯುವ ಕಲ್ಲಿನ ಮುಂದೆ, ಒಬ್ಬಳು ಒಲೆಯ ಮುಂದೆ, ಒಬ್ಬಳು ಬಾವಿಕಟ್ಟೆಯಲ್ಲಿ. ಅಳಿಯಕಟ್ಟಿನ ಮನೆಯಲ್ಲಿ ಕುಟುಂಬ ಬೆಳೆಯುವುದು ಹೆಣ್ಣಿನ ಕಡೆಯಿಂದ. ಮನೆಯ ಹೆಸರು ಉಳಿಯುವುದು ಅವಳ ಮಕ್ಕಳಿಂದ. ಕುರ್ಚಿಯಲ್ಲಿ ಕೂತ ಮಾವ ಅವಳ ಅಣ್ಣನೋ ತಮ್ಮನೋ ಆದ್ದರಿಂದಲೇ ಅಲ್ಲಿ ಕೂತಿರುವುದು. ಇದನ್ನು ನಾನೊಬ್ಬ ಪುಸ್ತಕ ನೋಡಿ ಹೇಳುತ್ತಿಲ್ಲ, ಗೊಂಬೆ ಮಾಡಿದ ಅಕ್ಕಂದಿರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಹಾಗಿದ್ದೂ ಅವರು ಸಿನಿಮಾದ ಜಮೀನ್ದಾರನ ಮನೆಯ ಗೊಂಬೆಗಳನ್ನೇ ಮಾಡಿದರು. ಕೇಳಿದ್ದಕ್ಕೆ ಒಬ್ಬರು, 'ನೋಡುವವರಿಗೆ ಕೂಡ್ಲೆ ಗೊತ್ತಾಗ್ಬೇಕಲ್ಲ ಮಾರಾಯ್ರೆ' ಅಂದರು. ಪರವೂರಿನಲ್ಲಿ ಊರನ್ನು ತೋರಿಸುವವರ ಕಷ್ಟ ಅದು. ಕೂಡಲೇ ಗೊತ್ತಾಗಬೇಕಾದರೆ ಎಲ್ಲರಿಗೂ ಮೊದಲೇ ಗೊತ್ತಿರುವುದನ್ನೇ ಮಾಡಬೇಕಾಗುತ್ತದೆ.

ಊರಿನಲ್ಲಿರುವ ನೀವು ಇದನ್ನು ಓದಿ ನಗಬೇಡಿ. ಊರಲ್ಲಿಯೂ ಈ ಕೆಲಸ ನಡೆದಿದೆ, ಇನ್ನೂ ದೊಡ್ಡದಾಗಿ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲು ಹೊರಟ ಹಳೆಯ ಮನೆಗಳನ್ನು ಬಿಚ್ಚಿ ತಂದು, ತೊಲೆಗೆ ತೊಲೆ ಕೂಡಿಸಿ ಮತ್ತೆ ನಿಲ್ಲಿಸಿದರು. ಶಿಗ್ಗಾವಿಯ ಬಳಿ ಗೊಟಗೋಡಿಯಲ್ಲಿ ಸೊಲಬಕ್ಕನವರ್ ಅವರ ಕಲ್ಪನೆಯ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಯ ಬದುಕೇ ಸಿಮೆಂಟಿನಲ್ಲಿ ಆಳೆತ್ತರಕ್ಕೆ ನಿಂತಿದೆ. ಎರಡೂ ದೊಡ್ಡ ಕೆಲಸಗಳು. ಆದರೆ ಅಲ್ಲಿ ನೋಡುವವ ಒಳಗೆ ನಡೆದುಹೋಗಬಹುದು, ಕಂಬ ಮುಟ್ಟಬಹುದು. ಪುಟ್ಟ ಮನೆಯಲ್ಲಿ ಹಾಗಿಲ್ಲ. ನೋಡುವವ ಯಾವಾಗಲೂ ಅದರ ಹೊರಗೆ, ಅದರ ಮೇಲೆ, ದೇವರ ಹಾಗೆ. ಆ ಎತ್ತರದಿಂದ ಎಲ್ಲವೂ ಮುದ್ದಾಗಿ ಕಾಣುತ್ತದೆ. ಕೈಕಟ್ಟಿ ನಿಂತವನೂ ಮುದ್ದಾಗಿಯೇ ಕಾಣುತ್ತಾನೆ. ಪುಟ್ಟದು ಮಾಡುವ ಕಲೆಯ ಅಪಾಯ ಇದು.

ಈ ಅಪಾಯವನ್ನು ತಿಳಿದು ಕೆಲಸ ಮಾಡಿದ ಕಲಾವಿದೆ ಇದೇ ಮುಂಬಯಿಯಲ್ಲಿದ್ದರು. ಬರೋಡಾದಿಂದ ಇಲ್ಲಿಗೆ ಬಂದು ನೆಲೆಸಿದ ಹೇಮಾ ಉಪಾಧ್ಯಾಯ. 2015ರಲ್ಲಿ ತೀರಿಕೊಂಡರು. ಅವರು ಅಲ್ಯುಮಿನಿಯಂ ತಗಡು, ಕಾರಿನ ಗುಜರಿ, ಎನಾಮೆಲ್ ಬಣ್ಣ, ಹಾರ್ಡ್‌ವೇರ್ ಅಂಗಡಿಯ ಚೂರುಪಾರುಗಳಿಂದ ಧಾರಾವಿಯ ಸಾವಿರಾರು ಪುಟ್ಟ ಮನೆಗಳನ್ನು ಮಾಡಿದರು. 2009ರ ಅವರ ಒಂದು ಕೃತಿಯ ಹೆಸರೇ '8 ಅಡಿ x 12 ಅಡಿ'. ಧಾರಾವಿಯಲ್ಲಿ ಒಂದು ಸಂಸಾರ ಬದುಕುವ ಮನೆಯ ಅಳತೆ ಅದು. ಆ ಅಳತೆಯ ಒಂದು ಕೋಣೆ, ಅದರ ಒಳಗೋಡೆಗೂ ಮಾಡಿಗೂ ಈ ಪುಟ್ಟ ಮನೆಗಳನ್ನು ಒತ್ತಾಗಿ ಅಂಟಿಸಿದ್ದಾರೆ. ನಾನು ಅದರ ಚಿತ್ರಗಳನ್ನಷ್ಟೇ ನೋಡಿದ್ದೇನೆ. ಆದರೂ ಉಪಾಯ ಅರ್ಥವಾಗುತ್ತದೆ. ನೋಡುವವನನ್ನು ಮೇಲಿನಿಂದ ಕೆಳಗಿಳಿಸಿ, ಒಳಗೆ ನಿಲ್ಲಿಸಿ, ಊರನ್ನೇ ಅವನ ತಲೆಯ ಮೇಲೆ ತೂಗುಹಾಕಿದ್ದಾರೆ. ಇಲ್ಲಿ ಮುದ್ದು ಮಾಡಲು ಜಾಗವೇ ಇಲ್ಲ.

ದಿಲ್ಲಿಯ ವಿವಾನ್ ಸುಂದರಂ ಅವರದ್ದು ಇನ್ನೊಂದು ಬಗೆ. ಅವರು ತಮ್ಮ ಸ್ಟುಡಿಯೊದ ನೆಲದ ಮೇಲೆ ಕಸದಿಂದಲೇ ಒಂದು ನಗರ ಕಟ್ಟಿ, ಅದರ ಚಿತ್ರ ತೆಗೆದು, 2008ರಲ್ಲಿ 'ಟ್ರ್ಯಾಶ್' ಎಂಬ ಹೆಸರಿನಲ್ಲಿ ಪ್ರದರ್ಶಿಸಿದರು. ಕಸ ಆಯುವವರು ಆ ಕೆಲಸದಲ್ಲಿ ಜೊತೆಗಿದ್ದರು. ಆದರೂ ಕೃತಿ ವಿವಾನ್ ಅವರದ್ದು ಎಂದೇ ಹೆಸರಾಯಿತು. ಹಲವರು ಸೇರಿ ಮಾಡಿದ್ದಕ್ಕೆ ಯಾರ ಹೆಸರು ಎಂಬ ಪ್ರಶ್ನೆ ದೊಡ್ಡ ಕಲಾವಿದರ ಲೋಕದಲ್ಲಿಯೂ ಬಗೆಹರಿದಿಲ್ಲ. ನಮ್ಮ ಸಂಘದ ಮನೆಯ ಎದುರು ಒಂದು ಬೋರ್ಡಿತ್ತು, ಖರ್ಚು ಕೊಟ್ಟ ದಾನಿಯ ಹೆಸರು ಅದರಲ್ಲಿತ್ತು. ಸಾವಿರ ಹಂಚು ಕತ್ತರಿಸಿದ ಅಕ್ಕನ ಹೆಸರು ಇರಲಿಲ್ಲ.

ಆದರೆ ಹಲವರು ಸೇರಿ ಮಾಡುವುದರಲ್ಲಿ ಒಂದು ಲಾಭ ಇದೆ. ಒಬ್ಬನ ಸುಳ್ಳನ್ನು ಇನ್ನೊಬ್ಬನ ಕೈ ತಿದ್ದುತ್ತದೆ. ಈ ಮನೆಯಲ್ಲಿ ಅದು ಎರಡು ಕಡೆ ಆಯಿತು. ನನ್ನ ಪಾಲಿಗೆ ಕೃತಿಯ ಜೀವ ಇರುವುದು ಆ ಎರಡು ಕಡೆಗಳಲ್ಲಿ.

ಒಂದು, ಅಡುಗೆಮನೆ. ಪಾತ್ರೆಗಳು ಹಿತ್ತಾಳೆಯ ಭಾತುಕಲಿಯವು. ಕಾಲೇಜಿನ ಹುಡುಗಿ, ಇಲ್ಲೇ ಹುಟ್ಟಿ ಬೆಳೆದವಳು, ಆ ಸೆಟ್ಟಿನಲ್ಲಿದ್ದ ಗ್ಯಾಸ್ ಒಲೆಯನ್ನೂ ಕುಕ್ಕರನ್ನೂ ಮಣ್ಣಿನ ಒಲೆಯ ಪಕ್ಕದಲ್ಲಿ ಇಟ್ಟುಬಿಟ್ಟಳು. ಹಿರಿಯರಿಗೆ ಸಿಟ್ಟು ಬಂತು. 'ಗುತ್ತಿನ ಮನೆಯಲ್ಲಿ ಗ್ಯಾಸ್ ಎಲ್ಲಿತ್ತು?' ಅಂತ. ಅವಳು ಹೇಳಿದ್ದು ಇಷ್ಟೇ: 'ಮಾಮಾ, ನಾನು ನೋಡಿದಾಗ ಇತ್ತು.' ರಜೆಗೆ ಹೋದಾಗ ಅವಳು ಕಂಡ ಊರಿನಲ್ಲಿ ಒಲೆಯ ಪಕ್ಕ ಗ್ಯಾಸ್ ಇದೆ, ಚಾವಡಿಯಲ್ಲಿ ಟಿವಿ ಇದೆ, ಉಪ್ಪರಿಗೆಗೆ ಬೀಗ ಇದೆ. ಅವಳ ನೆನಪು ಅವಳಿಗೆ ಸತ್ಯ. ಒಲೆ ಎರಡು ಸಲ ಮಾಯವಾಗಿ, ಮೂರನೇ ಸಲ ಉಳಿದುಕೊಂಡಿತು. ಎಲ್ಲರೂ ಒಂದೇ ಕಾಲದ ಊರನ್ನು ನೆನೆಯುತ್ತಿದ್ದಾರೆ ಎಂಬ ಭ್ರಮೆಯನ್ನು ಆ ಇಂಚುದ್ದದ ಗ್ಯಾಸ್ ಒಲೆ ಮುರಿಯಿತು. ನನಗದು ಸಾವಿರ ಹಂಚಿಗಿಂತ ಹೆಚ್ಚು ಇಷ್ಟವಾಯಿತು.

ಇನ್ನೊಂದು, ಹಲಗೆಯ ಅಂಚಿನಲ್ಲಿದ್ದ ಗುಡಿಸಲು. ಅದನ್ನು ಮಾಡಿದವರು ಆ ಎಪ್ಪತ್ತು ದಾಟಿದ ಹಿರಿಯರು. ಸಭೆಯಲ್ಲಿ ಮಾತಾಡಿದವರಲ್ಲ. ಅರುವತ್ತರ ದಶಕದಲ್ಲಿ ಹೋಟೆಲಿಗೆ ಹುಡುಗನಾಗಿ ಬಂದವರು. ಮನೆಯ ಹೊರಗಿನ ಅಳತೆಗಳನ್ನೆಲ್ಲ ಹೇಳಿಕೊಟ್ಟವರು ಅವರೇ: ಅಂಗಳದಿಂದ ಚಾವಡಿಗೆ ಎಷ್ಟು ಮೆಟ್ಟಿಲು, ಮಾಡಿನ ಇಳಿಜಾರು ಎಷ್ಟು, ತುಳಸಿಕಟ್ಟೆ ಎಲ್ಲಿ ಬರಬೇಕು, ಹಟ್ಟಿ ಯಾವ ಕಡೆಗೆ. ಒಳಗಿನದ್ದು ಕೇಳಿದರೆ ಬ್ಯಾಂಕಿನವರ ಕಡೆ ಕೈ ತೋರಿಸುತ್ತಿದ್ದರು. ಒಂದು ರಾತ್ರಿ ನನ್ನ ಹತ್ತಿರ ಅಂದರು: 'ನಾವು ಆ ಚಾವಡಿ ಹತ್ತಿದವರಲ್ಲ ಮಾರಾಯ್ರೆ. ಅಂಗಳದಲ್ಲಿ ನಿಂತು ನೋಡಿದ್ದು. ಅಕ್ಕಿಮುಡಿ ಇಳಿಸಿ, ಲೆಕ್ಕ ಆಗುವವರೆಗೆ ನಿಲ್ಬೇಕಿತ್ತು. ಹಾಗಾಗಿ ಹೊರಗಿನದ್ದು ಒಂದೂ ಮರ್ತಿಲ್ಲ.'

ಗುಡಿಸಲಿಗೆ ಮುಳಿಹುಲ್ಲು ಇಲ್ಲಿ ಸಿಗದು. ಹುಲ್ಲಿನ ಪೊರಕೆಯ ತುದಿ ಕತ್ತರಿಸಿ ಹೊದಿಸಿದರು, ಗೋಡೆಗೆ ಮಣ್ಣು, ಬಾಗಿಲಿಗೆ ತೆಂಗಿನ ಗರಿಯ ತಟ್ಟಿ, ಹಿಡಿಸೂಡಿಯ ಕಡ್ಡಿಯಿಂದ ಹೆಣೆದದ್ದು. ಬಣ್ಣ ಇಲ್ಲ. 'ಇದು ಬೇಡ, ಜಾಗ ಸಾಲದು' ಅಂದರು ಕಮಿಟಿಯವರು. ಕೆಟ್ಟ ಮನಸ್ಸಿನಿಂದಲ್ಲ, ಚಂದ ಕಾಣಲಿ ಎಂದು. ಅವರು ವಾದಿಸಲಿಲ್ಲ. ಗದ್ದೆಯ ಆಚೆ, ಹಲಗೆ ಮುಗಿಯುವಲ್ಲಿ, ಅರ್ಧ ಹೊರಗೆ ಚಾಚಿಕೊಂಡ ಹಾಗೆ ಇಟ್ಟು ಹೋದರು. ಫೋಟೋ ತೆಗೆದವರ ಚೌಕಟ್ಟಿನಲ್ಲಿ ಅದು ಬರಲಿಲ್ಲ.

ಶಿಲ್ಪವಾಗಿ ನೋಡಿದರೆ ಆ ಗುಡಿಸಲಿನ ಅಳತೆ ತಪ್ಪು. ಮನೆ ಇಪ್ಪತ್ತಕ್ಕೆ ಒಂದಾದರೆ, ಗುಡಿಸಲು ಹತ್ತಕ್ಕೆ ಒಂದಿರಬೇಕು. ಅದರ ಬಾಗಿಲು ಗುತ್ತಿನ ಮನೆಯ ಹೆಬ್ಬಾಗಿಲಿಗಿಂತ ಎತ್ತರ. ಕಾರ್ಪೆಂಟರು ಅದನ್ನು ಗಮನಿಸಿ ಹೇಳಿದ್ದರು. ಆದರೆ ನನಗೆ ಆ ತಪ್ಪೇ ಸರಿ ಅನ್ನಿಸಿತು. ಮಕ್ಕಳು ಚಿತ್ರ ಬರೆಯುವಾಗ ಅಮ್ಮನನ್ನು ಮರಕ್ಕಿಂತ ಎತ್ತರ ಬರೆಯುತ್ತಾರಲ್ಲ, ಹಾಗೆ. ಬಗ್ಗಿ ನೋಡಿದರೆ ಒಳಗೆ ಒಂದು ಚಾಪೆ, ಒಂದು ಮಣ್ಣಿನ ಮಡಕೆ, ಗೋಡೆಗೆ ನೇತುಹಾಕಿದ ಚಡ್ಡಿ ಅಂಗಿ. ಗೊಂಬೆ ಇಲ್ಲ. ಅಲ್ಲಿದ್ದವನು ಬಸ್ಸು ಹತ್ತಿ ಹೋಗಿದ್ದಾನೆ. ಇಡೀ ದೇಖಾವೆಯಲ್ಲಿ ನೋಡುವವ ಬಗ್ಗಲೇಬೇಕಾದ ಜಾಗ ಅದೊಂದೇ. ಹೇಮಾ ಉಪಾಧ್ಯಾಯ ಒಂದು ಕೋಣೆಯನ್ನೇ ಕಟ್ಟಿ ಸಾಧಿಸಿದ್ದನ್ನು, ಈ ಹಿರಿಯರು ಪೊರಕೆಯ ಹುಲ್ಲಿನಲ್ಲಿ ತಮಗೆ ಸಿಕ್ಕ ಒಂದು ಗೇಣು ಜಾಗದಲ್ಲಿ ಮಾಡಿದ್ದರು.

ಹಾಗಾದರೆ ಈ ಕೃತಿಗೆ ಬೆಲೆ ಕಟ್ಟುವುದು ಹೇಗೆ? ಕೈಕೆಲಸ ಉತ್ತಮ, ಸಾಮಗ್ರಿಯ ಆಯ್ಕೆ ಅತ್ಯುತ್ತಮ. ಮುಂಬಯಿಯ ಅಡುಗೆಮನೆ, ಹೋಟೆಲು, ಮರಾಠಿ ಮಕ್ಕಳ ಆಟಿಕೆ ಎಲ್ಲ ಸೇರಿ ತುಳುನಾಡಿನ ಮನೆಯಾದದ್ದು ಸಣ್ಣ ಸಂಗತಿಯಲ್ಲ. ಆದರೆ ಮಾಡಿದವರು ಆ ಬೆರಕೆಯನ್ನು ಬಣ್ಣದ ಕೆಳಗೆ ಮುಚ್ಚಿಟ್ಟರು, ಲಟ್ಟಣಿಗೆ ಲಟ್ಟಣಿಗೆಯೆಂದು ಗೊತ್ತಾಗಬಾರದು ಎಂಬ ಹಾಗೆ. ಗೊತ್ತಾದರೆ ನಷ್ಟವೇನು? ನಾವು ಇಲ್ಲಿ ಕೂತು, ಇಲ್ಲಿನ ಸಾಮಾನಿನಿಂದಲೇ ಊರನ್ನು ಕಟ್ಟಿಕೊಳ್ಳುತ್ತಿದ್ದೇವೆ ಎಂಬುದು ನಾಚಿಕೆಯ ಮಾತಲ್ಲ. ಯಾರ ಊರು, ಯಾರ ಮನೆ ಎಂಬ ಪ್ರಶ್ನೆಯನ್ನು ಹನ್ನೊಂದು ಮಂದಿ ಒಟ್ಟಿಗೆ ಕೂತು ಕೇಳಿಕೊಂಡಿದ್ದರೆ ಹನ್ನೊಂದು ಮನೆಗಳು ಬರುತ್ತಿದ್ದವು. ಒಂದು ಹಲಗೆಯ ಮೇಲೆ ಅವಕ್ಕೆ ಜಾಗವೂ ಸಾಲುತ್ತಿತ್ತು. ಗುತ್ತಿನ ಮನೆಯನ್ನು ಸ್ವಲ್ಪ ಚಿಕ್ಕದು ಮಾಡಿದ್ದರೆ ಆಯಿತು.

ವಿಸರ್ಜನೆ ಮುಗಿದ ಮೇಲೆ ಮನೆಯನ್ನು ಸಂಘದ ಕಚೇರಿಯ ಕಪಾಟಿನ ಮೇಲೆ ಇಟ್ಟಿದ್ದಾರೆ, ಪ್ಲಾಸ್ಟಿಕ್ ಹೊದಿಸಿ. ಗದ್ದೆಯ ಮಣ್ಣನ್ನು ತುಳಸಿಯ ಕುಂಡಕ್ಕೆ ಹಾಕಿದರು. ಗುಡಿಸಲನ್ನು ಕಾಲೇಜಿನ ಹುಡುಗಿ ಕೇಳಿ ಮನೆಗೆ ತೆಗೆದುಕೊಂಡು ಹೋದಳಂತೆ. ಮುಂದಿನ ಸಲ ಅವಳು ಮಾಡುವ ಮನೆ ಯಾವುದಿರುತ್ತದೆ ಎಂಬ ಕುತೂಹಲ ನನಗಿದೆ. ಊರಿಂದ ಯಾರಾದರೂ ಈ ಕಡೆ ಬಂದರೆ, ಸನ್ಮಾನದ ಶಾಲು ಹೊದ್ದು ವೇದಿಕೆಯಿಂದ ಇಳಿದ ಮೇಲೆ, ಪಕ್ಕದ ಆ ಹಲಗೆಯ ಹತ್ತಿರವೂ ಒಂದು ಗಳಿಗೆ ನಿಲ್ಲಿ. ಅಂಚಿನವರೆಗೂ ನೋಡಿ.